ರಿಕವರಿ ಕೈಕೊಟ್ಟ ಹಳೆಯ ಲ್ಯಾಪ್‌ಟಾಪ್: ಐದು ದಾರಿಗಳ ಹೋಲಿಕೆ

ರಿಕವರಿ, ಅಂದರೆ ಕೆಟ್ಟ ವಿಂಡೋಸನ್ನು ಮತ್ತೆ ಸರಿ ಸ್ಥಿತಿಗೆ ತರುವ ಕೆಲಸ, ಅರ್ಧಕ್ಕೆ ನಿಂತರೆ ಎಷ್ಟು ಪರ್ಸೆಂಟಿಗೆ ನಿಂತಿತು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಎರಡನೇ ಸಲ ಹಚ್ಚಿದಾಗಲೂ ಅಷ್ಟಕ್ಕೇ ನಿಂತರೆ ಹಾರ್ಡ್ ಡಿಸ್ಕ್ ಮೇಲೆ ಅಥವಾ ರಿಕವರಿ ಇಮೇಜ್ (ಅದಕ್ಕೆ ಬೇಕಾದ ಮೂಲ ಕಡತ) ಮೇಲೆ ಅನುಮಾನ ಪಡಬೇಕು. ಒಮ್ಮೆ 20ಕ್ಕೆ, ಇನ್ನೊಮ್ಮೆ 61ಕ್ಕೆ ನಿಂತರೆ, ಇಲ್ಲವೇ ಯಂತ್ರವೇ ಫಕ್ಕನೆ ಆಫ್ ಆದರೆ, ಕಾರಣ ಬೇರೆ ಕಡೆ ಇದೆ: ಬಿಸಿ, ರ್ಯಾಮ್, ಕರೆಂಟು. ಇಷ್ಟನ್ನು ನೋಡಿಕೊಳ್ಳದೆ ಮೂರು ಸಲ, ನಾಲ್ಕು ಸಲ ಅದೇ ರಿಕವರಿ ಓಡಿಸುವುದರಿಂದ ಸಾಯುತ್ತಿರುವ ಡಿಸ್ಕ್ ಇನ್ನಷ್ಟು ಬೇಗ ಸಾಯುತ್ತದೆ, ಒಳಗಿನ ಫೈಲುಗಳೂ ಅದರ ಜತೆ ಹೋಗುತ್ತವೆ.

ಇಲ್ಲಿ ಹೋಲಿಸಿರುವ ಐದು ದಾರಿಗಳನ್ನು 2011ರಿಂದ 2014ರ ನಡುವಿನ ಯಂತ್ರಗಳ ಮೇಲೆ ಮಾಡಿ ನೋಡಿದ್ದು. 4 ಜಿಬಿ ಡಿಡಿಆರ್3 ರ್ಯಾಮ್, 500 ಜಿಬಿಯ 5400 ಆರ್‌ಪಿಎಂ ಹಾರ್ಡ್ ಡಿಸ್ಕ್, ಚಾರ್ಜ್ ಹಿಡಿಯದ ಬ್ಯಾಟರಿ: ಬಳ್ಳಾರಿ, ರಾಯಚೂರು, ಕೊಪ್ಪಳದ ಡಿಟಿಪಿ ಅಂಗಡಿ, ಗಿರಣಿಯ ಲೆಕ್ಕದ ಕೋಣೆ, ಕಾಲೇಜು ಹುಡುಗರ ರೂಮುಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ಲ್ಯಾಪ್‌ಟಾಪ್ ಹೆಚ್ಚುಕಡಿಮೆ ಇಂಥದ್ದೇ. ಬ್ಯಾಟರಿ ಸತ್ತಿರುವುದರಿಂದ ಇನ್ನೊಂದು ಅಳತೆಗೋಲೂ ಬೇಕಾಗುತ್ತದೆ. ಯಾವ ದಾರಿಗೆ ಎಷ್ಟು ಹೊತ್ತು ಕರೆಂಟು ತಪ್ಪದೆ ಇರಬೇಕು, ನಡುವೆ ಹೋದರೆ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು. ಅಡಾಪ್ಟರನ್ನು ಇನ್ವರ್ಟರ್ ಲೈನಿಗೆ ಹಾಕಿಕೊಳ್ಳುವುದು ಒಳ್ಳೆಯದು. ಡೆಸ್ಕ್‌ಟಾಪಿನ ಸಣ್ಣ ಯುಪಿಎಸ್ ಅರ್ಧ ಗಂಟೆಯ ಕೆಲಸಕ್ಕೆ ಆದೀತು, ಎರಡು ಗಂಟೆಯದಕ್ಕೆ ನಂಬಬೇಡಿ.

ದಾರಿ ಯಾವುದೇ ಇರಲಿ, ಮೊದಲು ಮೂರು ಪರೀಕ್ಷೆ ಮುಗಿಸಿಕೊಳ್ಳಿ. ಮೊದಲನೆಯದು ಬಿಸಿ. ಬಳ್ಳಾರಿಯ ಜೀನ್ಸ್ ಹೊಲಿಯುವ ಜಾಗದಲ್ಲಿ ಹತ್ತಿಯ ಎಳೆ, ಸಂಡೂರು ಕಡೆ ಅದಿರಿನ ಕೆಂಪು ಧೂಳು, ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಹೊಟ್ಟಿನ ಪುಡಿ, ಇವೆಲ್ಲ ಫ್ಯಾನ್ ಮತ್ತು ಹೀಟ್‌ಸಿಂಕಿನ ನಡುವೆ ಕಂಬಳಿಯಂತೆ ಕೂರುತ್ತವೆ. ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಮುಟ್ಟಿರುವಾಗ ಪ್ರೊಸೆಸರ್ ಎರಡು ಗಂಟೆ ಸತತ ದುಡಿದರೆ ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನೇ ಆಫ್ ಆಗುತ್ತದೆ. ನೋಡುವವರಿಗೆ ಅದು ಸಾಫ್ಟ್‌ವೇರ್ ತಪ್ಪಿನಂತೆ ಕಾಣುತ್ತದೆ. ಫ್ಯಾನ್ ತಿರುಗದಂತೆ ಕಡ್ಡಿಯಿಂದ ಹಿಡಿದು, ಹೊರಬಾಯಿಂದ ಒಳಕ್ಕೆ ಬ್ಲೋವರ್ ಊದಿ. ಆಮೇಲೂ ಆಫ್ ಆದರೆ ಹೀಟ್‌ಸಿಂಕ್ ಬಿಚ್ಚಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ, ಕಡಲೆಬೇಳೆ ಗಾತ್ರದಷ್ಟು ಹೊಸದು ಹಾಕಬೇಕು.

ಎರಡನೆಯದು ರ್ಯಾಮ್. ಎರಡು ತುಂಡು ಇದ್ದರೆ ಒಂದನ್ನು ತೆಗೆದು ನೋಡಿ, ಆಮೇಲೆ ಅದಲುಬದಲು ಮಾಡಿ. ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದೇ ಒಂದು ದೋಷ ತೋರಿಸಿದರೂ ಆ ತುಂಡು ಬೇಡ.

ಮೂರನೆಯದು ಡಿಸ್ಕ್. ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸುವ ಉಚಿತ ಓಎಸ್) ಪೆನ್ ಡ್ರೈವ್‌ನಿಂದ ಲೈವ್ ಆಗಿ, ಅಂದರೆ ಡಿಸ್ಕಿಗೆ ಹಾಕದೆ, ಬೂಟ್ ಮಾಡಿ, ಡಿಸ್ಕ್ಸ್ ಎಂಬ ಸಲಕರಣೆಯಲ್ಲಿ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ತೆರೆಯಿರಿ. ಅಲ್ಲಿ ಮೂರು ಸಾಲು ಮುಖ್ಯ: 5ನೆಯದು ರೀಅಲೋಕೇಟೆಡ್ ಸೆಕ್ಟರ್, 197 ಪೆಂಡಿಂಗ್ ಸೆಕ್ಟರ್, 198 ಅನ್‌ಕರೆಕ್ಟೆಬಲ್. ಮೂರೂ ಸೊನ್ನೆ ಇದ್ದರೆ ಡಿಸ್ಕಿನ ಮೇಲಿನ ಅನುಮಾನ ಬಹಳ ಮಟ್ಟಿಗೆ ಬಿಡಬಹುದು. 5ನೆಯದು ಸಣ್ಣ ಸಂಖ್ಯೆಯಲ್ಲಿದ್ದು ದಿನದಿಂದ ದಿನಕ್ಕೆ ಏರದಿದ್ದರೆ ಸ್ವಲ್ಪ ಕಾಲ ಓಡೀತು. 197 ಸೊನ್ನೆಗಿಂತ ಹೆಚ್ಚಿದ್ದರೆ ಡಿಸ್ಕ್ ಓದಲಾಗದ ಜಾಗಗಳಿವೆ ಎಂದರ್ಥ, ರಿಕವರಿ ಪ್ರತಿ ಸಲ ಅಷ್ಟಕ್ಕೇ ನಿಲ್ಲುವುದು ಬಹುಮಟ್ಟಿಗೆ ಅದರಿಂದಲೇ. ಅಂಥ ಡಿಸ್ಕಿಗೆ ಮತ್ತೆ ಯಾವ ಓಎಸ್ ಅನ್ನೂ ಹಾಕಬೇಡಿ, ಮೊದಲು ಫೈಲುಗಳನ್ನು ಹೊರಗಿನ ಡ್ರೈವಿಗೆ ನಕಲು ಮಾಡಿಕೊಳ್ಳಿ. ವಿಂಡೋಸ್ ಸರಿಯಾಗಿ ಮುಚ್ಚಿಲ್ಲವೆಂದು ಮಿಂಟ್ ತಕರಾರು ತೆಗೆದರೆ ರೀಡ್-ಓನ್ಲಿಯಾಗಿ ಮೌಂಟ್ ಮಾಡಿದರೆ ಸಾಕು. ನಕಲು ಮಾಡುವಾಗಲೇ ತಡವರಿಸಿದರೆ ಜಿಡಿಡಿರೆಸ್ಕ್ಯೂ (gddrescue) ಪ್ಯಾಕೇಜ್ ಹಾಕಿ, ಮೊದಲ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಕೆದಕದೆ ಸುಲಭವಾಗಿ ಬರುವುದನ್ನೆಲ್ಲ ಎಳೆದುಕೊಂಡು, ಎರಡನೇ ಸುತ್ತಿನಲ್ಲಿ ಕೆಟ್ಟ ಜಾಗಕ್ಕೆ ಮೂರು ಸಲ ಯತ್ನಿಸುವಂತೆ ಹೇಳಿ. ಮ್ಯಾಪ್ ಫೈಲ್ ಕೊಟ್ಟಿದ್ದರೆ ನಡುವೆ ಕರೆಂಟು ಹೋದರೂ ನಿಂತ ಕಡೆಯಿಂದಲೇ ಮುಂದುವರಿಯುತ್ತದೆ.

ಒಂದನೇ ದಾರಿ: ಕಂಪನಿ ಕೊಟ್ಟ ರಿಕವರಿ ವಿಭಾಗ

ಯಂತ್ರ ಹಚ್ಚಿದ ಕೂಡಲೇ ಎಚ್‌ಪಿಯಲ್ಲಿ ಎಫ್11, ಏಸಸ್‌ನಲ್ಲಿ ಎಫ್9, ಏಸರ್‌ನಲ್ಲಿ ಆಲ್ಟ್ ಜತೆ ಎಫ್10, ತೋಷಿಬಾದಲ್ಲಿ ಸೊನ್ನೆ ಕೀ, ಲೆನೋವೊದಲ್ಲಿ ಪಕ್ಕದ ಸಣ್ಣ ನೋವೊ ಗುಂಡಿ. ಡಿಸ್ಕಿನಲ್ಲಿ ಅಡಗಿಸಿಟ್ಟ ಹತ್ತಿಪ್ಪತ್ತು ಜಿಬಿಯ ವಿಭಾಗದಿಂದ ಯಂತ್ರ ಕೊಂಡ ದಿನದ ಸ್ಥಿತಿ ಮರಳಿ ಬರುತ್ತದೆ. ಡ್ರೈವರ್ ಹುಡುಕುವ ಕೆಲಸವಿಲ್ಲ, ಲೈಸೆನ್ಸ್ ತಕರಾರಿಲ್ಲ. ಇದರ ಅನುಕೂಲ ಅಷ್ಟೇ.

ಇದು ಕೈಕೊಡುವ ರೀತಿಗಳು ಮಾತ್ರ ಹಲವು. ಹಿಂದೆ ಯಾರೋ ಡಿಸ್ಕನ್ನು ಸಿ, ಡಿ, ಇ ಎಂದು ಒಡೆದಿದ್ದರೆ ರಿಕವರಿ ಪ್ರೋಗ್ರಾಮಿಗೆ ತನ್ನ ಹಳೆಯ ನಕ್ಷೆ ಸಿಗದೆ ಮೊದಲ ಹೆಜ್ಜೆಯಲ್ಲೇ ನಿಲ್ಲಬಹುದು. ಅಂಗಡಿಯಲ್ಲಿ ಪೂರ್ತಿ ಫಾರ್ಮ್ಯಾಟ್ ಮಾಡಿಸಿದ್ದರೆ ಆ ವಿಭಾಗವೇ ಇರುವುದಿಲ್ಲ, ಕೀ ಎಷ್ಟು ಒತ್ತಿದರೂ ಫಲವಿಲ್ಲ. ಬಹಳ ಜನರ ಗಮನಕ್ಕೆ ಬಾರದ ಕಾರಣ ಇನ್ನೊಂದಿದೆ: ಸಿಮಾಸ್ ಬ್ಯಾಟರಿ, ಅಂದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ. 3 ವೋಲ್ಟಿನ ಸಿಆರ್2032 ಖಾಲಿಯಾದರೆ ಬಯೋಸ್ (ಯಂತ್ರವನ್ನು ಎಬ್ಬಿಸುವ ಮೂಲ ಪ್ರೋಗ್ರಾಮು) ಕಂಪನಿಯ ಮೂಲ ಸೆಟ್ಟಿಂಗಿಗೆ ಮರಳುತ್ತದೆ, ಡಿಸ್ಕಿನ ಜತೆ ಮಾತಾಡುವ ರೀತಿ ಹೇಳುವ ಸಾಟಾ ಮೋಡ್ ಎಎಚ್‌ಸಿಐ ಇದ್ದದ್ದು ಐಡಿಇ ಆಗಿರಬಹುದು. ಆಗ ರಿಕವರಿ ನೂರಕ್ಕೆ ನೂರು ಮುಗಿದೂ ಮೊದಲ ಬೂಟಿನಲ್ಲೇ 7ಬಿ ಸಂಖ್ಯೆಯ ನೀಲಿ ಪರದೆ ಬೀಳುತ್ತದೆ. ಬಯೋಸ್‌ನಲ್ಲಿ ತಾರೀಖು ಹತ್ತು ವರ್ಷ ಹಿಂದಕ್ಕೆ ಹೋಗಿದ್ದರೆ ಈ ಬ್ಯಾಟರಿ ಬದಲಾಯಿಸಿ, ಸಾಟಾ ಮೋಡ್ ಸರಿಪಡಿಸಿ, ಆಮೇಲೆ ಮುಂದಕ್ಕೆ ಹೋಗಿ.

5400 ಆರ್‌ಪಿಎಂ ಡಿಸ್ಕಿನಲ್ಲಿ ಇದಕ್ಕೆ ಒಂದೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ, ನಡುವೆ ಹಲವು ರೀಸ್ಟಾರ್ಟ್. ಕರೆಂಟು ಹೋದರೆ ಸಿ ಡ್ರೈವ್ ಆಗಲೇ ಅಳಿಸಿಹೋಗಿರುತ್ತದೆ. ಇಷ್ಟೆಲ್ಲ ಕಾದು ಕೈಗೆ ಬರುವುದು ವಿಂಡೋಸ್ 7 ಅಥವಾ 8. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, 8.1ಕ್ಕೆ 2023ರ ಜನವರಿ 10ಕ್ಕೆ ಭದ್ರತಾ ಅಪ್‌ಡೇಟ್ ನಿಂತಿವೆ. ಇಂಟರ್‌ನೆಟ್ ಮುಟ್ಟದ, ಹಳೆಯ ಪ್ರಿಂಟರ್ ಅಥವಾ ಹಳೆಯ ಲೆಕ್ಕದ ಸಾಫ್ಟ್‌ವೇರಿಗೆಂದೇ ಇಟ್ಟ ಯಂತ್ರವಾದರೆ ಈ ದಾರಿ ಹಿಡಿಯಬಹುದು. ಬ್ಯಾಂಕ್ ಲಾಗಿನ್ ಮಾಡುವ ಯಂತ್ರಕ್ಕೆ ಖಂಡಿತ ಬೇಡ.

ಎರಡನೇ ದಾರಿ: ವಿಂಡೋಸ್ 10ರ ರಿಸೆಟ್

ಮುಂಚೆಯೇ ವಿಂಡೋಸ್ 10 ಹಾಕಿಸಿಕೊಂಡ ಯಂತ್ರಗಳಿಗೆ ಇದು ಮೊದಲು ಕಣ್ಣಿಗೆ ಬೀಳುವ ಗುಂಡಿ. ಒಂದನೇ ದಾರಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ರಿಸೆಟ್ ಬೇರೆ ಇಮೇಜಿನಿಂದಲ್ಲ, ಸಿ ಡ್ರೈವ್‌ನಲ್ಲೇ ಇರುವ ವಿಂಡೋಸ್ ಫೈಲುಗಳಿಂದ ಹೊಸ ವಿಂಡೋಸ್ ಕಟ್ಟುತ್ತದೆ. ಕೆಟ್ಟಿರುವುದೇ ಆ ಫೈಲುಗಳಾದರೆ ಅವುಗಳಿಂದ ಕಟ್ಟುವುದು ಹೇಗೆ? "ರಿಸೆಟ್ ಮಾಡುವಾಗ ತೊಂದರೆಯಾಯಿತು, ಯಾವ ಬದಲಾವಣೆಯೂ ಆಗಿಲ್ಲ" ಎಂಬ ಅರ್ಥದ ಸಾಲು ಬರುವುದು ಬಹುಪಾಲು ಹೀಗೆ. ರಿಕವರಿ ಪರಿಸರವೇ ಸಿಗುತ್ತಿಲ್ಲ ಎಂದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ರೀಏಜೆಂಟ್‌ಸಿ /ಇನ್ಫೋ (reagentc /info) ಕೊಟ್ಟು ನೋಡಿ, ಡಿಸೇಬಲ್ಡ್ ಇದ್ದರೆ ರೀಏಜೆಂಟ್‌ಸಿ /ಎನೇಬಲ್ (reagentc /enable) ಕೊಡಿ. 2025ರ ಆಗಸ್ಟ್ 12ರ ಭದ್ರತಾ ಅಪ್‌ಡೇಟ್ ಹಾಕಿಕೊಂಡ ವಿಂಡೋಸ್ 10 ಯಂತ್ರಗಳಲ್ಲಿ ರಿಸೆಟ್ ವಿಫಲವಾಗುತ್ತಿತ್ತು, ಒಂದು ವಾರದಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ಬೇರೆ ಅಪ್‌ಡೇಟ್ ಬಿಟ್ಟಿತು. ಆ ಹೊತ್ತಿನಿಂದ ಅಪ್‌ಡೇಟ್ ಆಗದೆ ಬಿದ್ದಿರುವ ಯಂತ್ರವಾದರೆ ಮೊದಲು ಅದನ್ನು ಹಾಕಿ.

2020ರಲ್ಲಿ ಬಂದ, 2004 ಎಂಬ ಸಂಖ್ಯೆಯ ಆವೃತ್ತಿಯಿಂದ ಕ್ಲೌಡ್ ಡೌನ್‌ಲೋಡ್ ಆಯ್ಕೆಯೂ ಇದೆ. ಕೆಟ್ಟ ಫೈಲುಗಳ ಗೊಡವೆಯಿಲ್ಲದೆ 4 ಜಿಬಿಗೂ ಹೆಚ್ಚು ಇಳಿಸಿಕೊಳ್ಳುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ದಿನದ ಡೇಟಾ ಮಿತಿ ಇದ್ದವರಿಗೆ ಇದು ಕಷ್ಟ. ತಾರೀಖು ತಪ್ಪಿದ್ದರೆ ಡೌನ್‌ಲೋಡ್ ಶುರುವೇ ಆಗುವುದಿಲ್ಲ, ಮತ್ತದೇ ಸಿಮಾಸ್ ಬ್ಯಾಟರಿ. ಫೈಲುಗಳನ್ನು ಉಳಿಸುವ ಆಯ್ಕೆ ಕೊಟ್ಟರೂ ಪ್ರೋಗ್ರಾಮುಗಳು ಉಳಿಯುವುದಿಲ್ಲ, ನುಡಿ, ಟ್ಯಾಲಿ ಎಲ್ಲ ಮತ್ತೆ ಹಾಕಬೇಕು. ಹಾರ್ಡ್ ಡಿಸ್ಕಿನ ಮೇಲೆ ಎರಡರಿಂದ ನಾಲ್ಕು ಗಂಟೆ. ಐದು ದಾರಿಗಳಲ್ಲಿ ಅತಿ ನಿಧಾನದ್ದು ಇದೇ, ನಡುವೆ ಕರೆಂಟು ಹೋದರೆ ಅತಿ ಗೋಜಲಿಗೆ ಸಿಕ್ಕಿಸುವುದೂ ಇದೇ.

ಮೂರನೇ ದಾರಿ: ಅಳಿಸದೆ ರಿಪೇರಿ

ಫೈಲು, ಪ್ರೋಗ್ರಾಮು ಎಲ್ಲ ಹಾಗೇ ಇರಬೇಕು, ಬೂಟ್ ಮಾತ್ರ ಆಗುತ್ತಿಲ್ಲ ಎಂದಾದರೆ ಈ ದಾರಿ. ವಿಂಡೋಸ್ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅಲ್ಲಿ ಸಿ ಎಂದರೆ ನಿಮ್ಮ ಸಿ ಎಂದೇ ನಂಬಬೇಡಿ, ಡಿ ಆಗಿರಬಹುದು. ಡಿಐಆರ್ ಕೊಟ್ಟು ವಿಂಡೋಸ್ ಫೋಲ್ಡರ್ ಎಲ್ಲಿದೆ ನೋಡಿಕೊಳ್ಳಿ.

ಯುಇಎಫ್‌ಐ (ಹಳೆಯ ಬಯೋಸ್‌ನ ಜಾಗಕ್ಕೆ ಬಂದ ಹೊಸ ಬಗೆ) ಯಂತ್ರಗಳಲ್ಲಿ ಬೂಟ್‌ರೆಕ್ /ಫಿಕ್ಸ್‌ಬೂಟ್ (bootrec /fixboot) "ಆಕ್ಸೆಸ್ ಡಿನೈಡ್" ಎಂದು ನಿಲ್ಲುವುದು ಸಾಮಾನ್ಯ. ಅಲ್ಲಿಗೇ ಕೈಬಿಡುವವರು ಬಹಳ. ಡಿಸ್ಕ್‌ಪಾರ್ಟ್‌ನಲ್ಲಿ ಸುಮಾರು 100 ಎಂಬಿಯ ಫ್ಯಾಟ್32 ವಿಭಾಗವನ್ನು ಆರಿಸಿ ಅದಕ್ಕೆ ಎಸ್ ಅಕ್ಷರ ಕೊಡಿ. ಹೊರಬಂದು, ಬಿಸಿಡಿಬೂಟ್ (bcdboot) ಆಜ್ಞೆಗೆ ವಿಂಡೋಸ್ ಫೋಲ್ಡರಿನ ದಾರಿ, /ಎಸ್ ಎಸ್: (/s S:), /ಎಫ್ ಯುಇಎಫ್‌ಐ (/f UEFI) ಇಷ್ಟನ್ನೂ ಸೇರಿಸಿ ಕೊಟ್ಟರೆ ಬೂಟ್ ಫೈಲುಗಳು ಹೊಸದಾಗಿ ಬರೆಯಲ್ಪಡುತ್ತವೆ. ಹಿಡಿಯುವುದು ಕೆಲವೇ ಸೆಕೆಂಡು. ಬೂಟ್ ಭಾಗ ಮಾತ್ರ ಕೆಟ್ಟಿದ್ದರೆ ಇದರ ಸಮಕ್ಕೆ ಬೇರೆ ದಾರಿಯಿಲ್ಲ. ವಿಂಡೋಸ್ ಫೈಲುಗಳೇ ಕೆಟ್ಟಿದ್ದರೆ ಅವುಗಳನ್ನು ಸರಿಪಡಿಸುವ ಎಸ್‌ಎಫ್‌ಸಿ (sfc) ಆಜ್ಞೆಯನ್ನು ಆಫ್‌ಲೈನ್ ರೀತಿಯಲ್ಲಿ ಓಡಿಸಬೇಕು, ಆ ಹೊತ್ತಿಗೆ ಗೆಲ್ಲುವ ಸಾಧ್ಯತೆ ಕಡಿಮೆಯಾಗಿರುತ್ತದೆ. ಚೆಕ್‌ಡಿಸ್ಕ್ /ಆರ್ (chkdsk /r) ಮಾತ್ರ 197ನೇ ಸಾಲು ಸೊನ್ನೆ ಇಲ್ಲದ ಡಿಸ್ಕಿಗೆ, ಫೈಲು ನಕಲಾಗುವ ಮುಂಚೆ, ಬೇಡವೇ ಬೇಡ. ಗಂಟೆಗಟ್ಟಲೆ ಕೆಟ್ಟ ಜಾಗವನ್ನೇ ಉಜ್ಜಿ ಡಿಸ್ಕನ್ನು ಮುಗಿಸಿಬಿಡಬಹುದು.

ನಾಲ್ಕನೇ ದಾರಿ: ಪೆನ್ ಡ್ರೈವ್‌ನಿಂದ ಹೊಸ ವಿಂಡೋಸ್ 10, ಹೊಸ ಎಸ್‌ಎಸ್‌ಡಿಯ ಮೇಲೆ

ಕೆಟ್ಟ ಡಿಸ್ಕನ್ನು ತೆಗೆದು 2.5 ಇಂಚಿನ 240 ಅಥವಾ 256 ಜಿಬಿ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಹಾಕಿದರೆ ಮೊದಲ ಎರಡು ದಾರಿಗಳನ್ನು ನಿಲ್ಲಿಸಿದ ಅಡ್ಡಿಯೇ ಇಲ್ಲವಾಗುತ್ತದೆ. ಹಳೆಯ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ 7 ಮಿಲಿಮೀಟರ್. ಕ್ಯಾಡಿಗೆ (ಡಿಸ್ಕ್ ಕೂರುವ ಚೌಕಟ್ಟಿಗೆ) ನಾಲ್ಕು ಸ್ಕ್ರೂ ಕೂರಿಸಿದರೆ ಬಹಳ ಯಂತ್ರಗಳಲ್ಲಿ ಅಲುಗುವುದಿಲ್ಲ, ಅಲುಗಿದರೆ ತೆಳು ಸ್ಪೇಸರ್ ಇಡಿ. ಹಳೆಯ ಡಿಸ್ಕಿನ ಮೇಲೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುವ ಇನ್‌ಸ್ಟಾಲ್ ಇಲ್ಲಿ ಹದಿನೈದಿಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಸಣ್ಣ ಯುಪಿಎಸ್ ಮೇಲೇ ಆಗುವ ಕೆಲಸ.

8 ಜಿಬಿ ಪೆನ್ ಡ್ರೈವ್ ಸಾಕು. "ಎಂಬಿಆರ್ ಪಾರ್ಟಿಷನ್ ಇರುವ ಡಿಸ್ಕಿಗೆ ಹಾಕಲಾಗದು" ಎಂಬ ಸಂದೇಶ ಬಂದರೆ (ಎಂಬಿಆರ್ ಎಂದರೆ ಡಿಸ್ಕನ್ನು ವಿಭಾಗಿಸುವ ಹಳೆಯ ರೀತಿ) ನೀವು ಪೆನ್ ಡ್ರೈವನ್ನು ಯುಇಎಫ್‌ಐ ರೀತಿಯಲ್ಲಿ ಬೂಟ್ ಮಾಡಿದ್ದೀರಿ ಎಂದರ್ಥ. ಹೊಸ ಎಸ್‌ಎಸ್‌ಡಿಯಾದರೆ ಎಲ್ಲ ವಿಭಾಗ ಅಳಿಸಿ ಮುಂದುವರಿಯಿರಿ. ಹಳೆಯ ಡಿಸ್ಕನ್ನೇ ಉಳಿಸಿಕೊಂಡಿದ್ದರೆ ಬೂಟ್ ಮೆನುವಿನಲ್ಲಿ ಯುಇಎಫ್‌ಐ ಎಂದು ಬರೆದಿರದ ಸಾಲನ್ನು ಆರಿಸಿ.

ಲೈಸೆನ್ಸಿನಲ್ಲಿ ಎಡವುವುದು ಆವೃತ್ತಿಯ ಆಯ್ಕೆಯಲ್ಲಿ. ನಮ್ಮಲ್ಲಿ ಮಾರಾಟವಾದ ಬಹಳಷ್ಟು ಲ್ಯಾಪ್‌ಟಾಪ್‌ಗಳು ಸಿಂಗಲ್ ಲ್ಯಾಂಗ್ವೇಜ್ ಆವೃತ್ತಿಯವು. ಮುಂಚೆ ಅದೇ ಯಂತ್ರದಲ್ಲಿ ವಿಂಡೋಸ್ 10 ಆಕ್ಟಿವೇಟ್ ಆಗಿದ್ದರೆ ಕೀ ಕೇಳಿದಾಗ "ನನ್ನ ಬಳಿ ಇಲ್ಲ" ಎಂದು ಮುಂದುವರಿದು ಅದೇ ಆವೃತ್ತಿ ಹಾಕಬೇಕು, ಇಂಟರ್‌ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ಅದರ ಬದಲು ಪ್ರೊ ಹಾಕಿದರೆ ಆಗದು. ಕಳ್ಳ ಆಕ್ಟಿವೇಟರ್ ಹಾಕಿಸುವುದು ಬೇಡ, ಅದಕ್ಕಾಗಿ ಆಂಟಿವೈರಸ್ ಆಫ್ ಮಾಡಿ ಎಂದಾಗಲೇ ಯಂತ್ರವನ್ನು ಪರರ ಕೈಗೆ ಕೊಟ್ಟಂತೆ.

ಕೊರತೆಯೂ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಸ್ತರಣೆಗೆ ನೋಂದಾಯಿಸಿದ ಮನೆಯ ಯಂತ್ರಗಳಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್ 8ನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್, ಈ ಯಂತ್ರಗಳಲ್ಲಿ ಎರಡೂ ಇಲ್ಲ.

ಐದನೇ ದಾರಿ: ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ

ಎಕ್ಸ್‌ಎಫ್‌ಸಿಇ ಎಂಬುದು ಮಿಂಟಿನ ಹಗುರ ರೂಪ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ, 4 ಜಿಬಿ ರ್ಯಾಮ್‌ನಲ್ಲಿ ವಿಂಡೋಸ್ 10ಕ್ಕಿಂತ ಹಗುರಾಗಿ ಓಡುತ್ತದೆ. ಎಸ್‌ಎಸ್‌ಡಿಯ ಮೇಲೆ ಇನ್‌ಸ್ಟಾಲ್ ಹದಿನೈದು ನಿಮಿಷದ ಮಾತು. 2013ರ ಸುಮಾರಿನ ಕೆಲವು ಯಂತ್ರಗಳ ಬ್ರಾಡ್‌ಕಾಮ್ ವೈಫೈ ಮೊದಲಿಗೆ ಕಾಣಿಸುವುದಿಲ್ಲ. ಮೊಬೈಲಿಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಕೊಟ್ಟು, ಡ್ರೈವರ್ ಮ್ಯಾನೇಜರ್‌ನಿಂದ ಹಾಕಿಕೊಳ್ಳಿ. ಕನ್ನಡ ಟೈಪಿಂಗಿಗೆ ಕೀಬೋರ್ಡ್ ಪಟ್ಟಿಯಲ್ಲೇ ಕಗಪ ವಿನ್ಯಾಸವಿದೆ, ಯೂನಿಕೋಡ್‌ನಲ್ಲಿ ಬರೆಯುವವರಿಗೆ ಅಷ್ಟು ಸಾಕು. ಹಳೆಯ ನುಡಿ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನ ಕಡತಗಳನ್ನು, ಫಾಂಟ್ ಫೈಲ್ ನಕಲು ಮಾಡಿಕೊಂಡರೆ, ಲಿಬ್ರೆಆಫೀಸ್‌ನಲ್ಲಿ ತೆರೆದು ಓದಬಹುದು. ಆದರೆ ದಿನವೂ ಅದೇ ಆಸ್ಕಿಯಲ್ಲಿ ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸುವ ಡಿಟಿಪಿಯವರು, ಟ್ಯಾಲಿ ನಂಬಿದ ಗಿರಣಿಯವರು ವಿಂಡೋಸ್ ಬಿಟ್ಟು ಬರಲಾರರು, ಅವರನ್ನು ಒತ್ತಾಯಿಸುವುದೂ ತಪ್ಪು.

ನಮ್ಮ ತೀರ್ಪು ಇಷ್ಟು. ಸ್ಮಾರ್ಟ್ ಸಾಲುಗಳು ಸ್ವಚ್ಛವಾಗಿದ್ದು ಬೂಟ್ ಮಾತ್ರ ಆಗದಿದ್ದರೆ ಮೂರನೇ ದಾರಿ. ಡಿಸ್ಕ್ ಸೋತಿದ್ದರೆ ಎಸ್‌ಎಸ್‌ಡಿ ಹಾಕಿ, ಓದು, ಬ್ರೌಸಿಂಗ್, ಅರ್ಜಿ ತುಂಬುವ ಕೆಲಸಕ್ಕೆ ಐದನೆಯದು, ನುಡಿ-ಟ್ಯಾಲಿಯವರಿಗೆ ನಾಲ್ಕನೆಯದು. ಡಿಸ್ಕ್ ಚೆನ್ನಾಗಿದ್ದರೂ ರಿಸೆಟ್ ಒಂದು ಸಲ ಸೋತರೆ ಎರಡನೇ ಸಲ ಬೇಡ, ಅಷ್ಟು ಹೊತ್ತಿನಲ್ಲಿ ಪೆನ್ ಡ್ರೈವ್ ಸಿದ್ಧಮಾಡಿ ಇನ್‌ಸ್ಟಾಲ್ ಮುಗಿಸಬಹುದು. ತೆಗೆದ ಹಳೆಯ ಡಿಸ್ಕನ್ನು ಕೂಡಲೇ ಗುಜರಿಗೆ ಹಾಕಬೇಡಿ. ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್‌ಗೆ ಹಾಕಿ, ಬೇಕಾದ ಫೋಟೊ, ಕಡತ, ಪಹಣಿ ಸ್ಕ್ಯಾನ್ ಎಲ್ಲ ಹೊಸದಕ್ಕೆ ಬಂದಿವೆಯೇ ಎಂದು ಒಂದೊಂದಾಗಿ ತೆರೆದು ನೋಡಿದ ಮೇಲಷ್ಟೇ ಅದನ್ನು ಕೈಬಿಡಿ.