ಸ್ಟ್ಯಾಟಿಕ್ ಮ್ಯಾಕ್ ಫಾರ್ವರ್ಡಿಂಗ್: ಒಂದು ಜೋಡಿ ಮ್ಯಾನೇಜ್ಡ್ ಸ್ವಿಚ್‌ಗಳ ದೀರ್ಘ ಬಳಕೆಯ ನಂತರ

ಪೋರ್ಟ್‌ಗಳೆಷ್ಟು, ವೇಗವೆಷ್ಟು ಎಂಬುದನ್ನು ಕೊಳ್ಳುವವರು ಹೇಗೂ ನೋಡಿಕೊಂಡಿರುತ್ತಾರೆ. ನಾನು ಬರೆಯಬೇಕೆಂದಿರುವುದು ಈ ಸ್ವಿಚ್‌ಗಳ ವೆಬ್ ಮೆನುವಿನಲ್ಲಿ ಯಾರೂ ಹೆಚ್ಚು ತೆರೆಯದ ಸ್ಟ್ಯಾಟಿಕ್ ಮ್ಯಾಕ್ ಪುಟದ ಬಗ್ಗೆ. ಒಂದು ಸಾಧನದ ಮ್ಯಾಕ್, ಅಂದರೆ ಅದರ ಹಾರ್ಡ್‌ವೇರ್ ವಿಳಾಸ, ಯಾವ ಪೋರ್ಟ್‌ನ ಕಡೆ ಇದೆ ಎಂಬುದನ್ನು ಸ್ವಿಚ್ ತಾನೇ ಕಲಿಯಲು ಬಿಡದೆ ನಾವೇ ಬರೆದಿಡುವ ಪುಟ ಅದು.

ನನ್ನ ನೆಟ್‌ವರ್ಕ್‌ನ ಲಾಗ್ ಸರ್ವರ್ ಎರಡನೆಯ ಸ್ವಿಚ್‌ನಲ್ಲಿದೆ. ಮರುಉತ್ತರ ಬೇಡದ ಯುಡಿಪಿ ಎಂಬ ವಿಧಾನದ ಮೂಲಕ ಬರುವ ಸಿಸ್‌ಲಾಗ್ ಸಂದೇಶಗಳನ್ನು (ಸಾಧನಗಳು ತಮ್ಮ ಆಗುಹೋಗುಗಳ ಬಗ್ಗೆ ಕಳುಹಿಸುವ ವರದಿಗಳನ್ನು) ಅದು ಪಡೆಯುತ್ತದೆಯೇ ಹೊರತು ಯಾರಿಗೂ ಉತ್ತರಿಸುವುದಿಲ್ಲ. ಸಾಧನವೊಂದು ತಾನೇ ಫ್ರೇಮ್ (ದತ್ತಾಂಶದ ಪೊಟ್ಟಣ) ಕಳುಹಿಸಿದಾಗ ಮಾತ್ರ ಸ್ವಿಚ್ ಅದರ ವಿಳಾಸವನ್ನು ಕಲಿಯುತ್ತದೆ. ಸಾಧನ ಸುಮ್ಮನಿದ್ದರೆ ಸಾಮಾನ್ಯವಾಗಿ 300 ಸೆಕೆಂಡುಗಳಲ್ಲಿ ಅದನ್ನು ಮರೆತುಬಿಡುತ್ತದೆ. ಐಪಿ ವಿಳಾಸಕ್ಕೆ ಮ್ಯಾಕ್ ಯಾವುದೆಂದು ಬರೆದಿಡುವ ರೌಟರ್‌ನ ಎಆರ್‌ಪಿ ಟೇಬಲ್‌ನಲ್ಲಾದರೋ ಅದೇ ವಿಳಾಸ ಗಂಟೆಗಟ್ಟಲೆ ಉಳಿಯಬಹುದಾದ್ದರಿಂದ, ಫ್ರೇಮ್‌ಗಳು ಬರುತ್ತಲೇ ಇರುತ್ತವೆ ಮತ್ತು ದಾರಿ ತಿಳಿಯದ ಸ್ವಿಚ್ ಅವನ್ನು ಆ ವಿಎಲ್‌ಎಎನ್‌ನ (ಸ್ವಿಚ್‌ನೊಳಗೆ ಬೇರ್ಪಡಿಸಿದ ಉಪ-ನೆಟ್‌ವರ್ಕ್‌ನ) ಉಳಿದೆಲ್ಲ ಪೋರ್ಟ್‌ಗಳಿಗೂ ಹರಿಸುತ್ತದೆ. ಸಂಬಂಧವೇ ಇಲ್ಲದ ಪೋರ್ಟ್‌ಗಳ ದೀಪಗಳೂ ಒಂದೇ ತಾಳದಲ್ಲಿ ಮಿನುಗುತ್ತಿದ್ದವು.

ಪರಿಹಾರಕ್ಕೆ ಬೇಕಾದದ್ದು ಎರಡೇ ನಮೂದು. ಮೊದಲ ಸ್ವಿಚ್‌ನಲ್ಲಿ ಸರ್ವರ್‌ನ ಮ್ಯಾಕ್, ವಿಎಲ್‌ಎಎನ್ ಮತ್ತು ಎರಡನೆಯ ಸ್ವಿಚ್‌ಗೆ ಹೋಗುವ ಅಪ್‌ಲಿಂಕ್ ಪೋರ್ಟ್. ಎರಡನೆಯದರಲ್ಲಿ ಅದೇ ಮ್ಯಾಕ್, ಅದೇ ವಿಎಲ್‌ಎಎನ್, ಸರ್ವರ್‌ನ ಕೇಬಲ್ ಸೇರುವ ಪೋರ್ಟ್. ಪ್ರತಿ ಸ್ವಿಚ್‌ಗೂ ಅದರದೇ ಟೇಬಲ್ ಇರುವುದರಿಂದ ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ತಿಳಿಯುವುದಿಲ್ಲ. ಅಪ್ಲೈ ಒತ್ತಿದ ಕೂಡಲೇ ಉಳಿದ ದೀಪಗಳು ಶಾಂತವಾದವು. ಕಾನ್ಫಿಗರೇಷನ್ ಸೇವ್ ಮಾಡಿದ್ದರೆ ವಿದ್ಯುತ್ ಹೋಗಿ ಬಂದರೂ ನಮೂದು ಅಳಿಯುವುದಿಲ್ಲ. ಪ್ರತಿದಿನ ಕೆಲಸ ಆರಂಭಿಸುವ ಮುನ್ನ ಮ್ಯಾಕ್ ಟೇಬಲ್ ತೆರೆದು, ವಿಎಲ್‌ಎಎನ್‌ವಾರು ವಿಂಗಡಿಸಿ, ಬಂದು ಹೋಗುವ ಡೈನಾಮಿಕ್ ಸಾಲುಗಳ ನಡುವೆ ಸ್ಟ್ಯಾಟಿಕ್ ಎಂದಿರುವ ಆ ಒಂದು ಸಾಲನ್ನು ನೋಡುವುದು ನನಗೆ ರೂಢಿಯಾಗಿದೆ. ಅದು ಕೊಡುವ ನೆಮ್ಮದಿ ಸಣ್ಣದಲ್ಲ.

ಸ್ವಿಚ್‌ಗಳ ನಡುವೆ ಎರಡನೆಯ ಕೇಬಲ್ ಹಾಕಿದ ಮೇಲೆ ಈ ಮೆಚ್ಚುಗೆ ಹಾಗೆಯೇ ಉಳಿಯಲಿಲ್ಲ. ಎರಡೂ ಕೇಬಲ್‌ಗಳನ್ನು ಲ್ಯಾಗ್ ಆಗಿ, ಅಂದರೆ ಒಂದೇ ಕೊಂಡಿಯಂತೆ ಕೆಲಸ ಮಾಡುವ ಗುಂಪಾಗಿ, ಸೇರಿಸಿದರೆ ಆ ಪೋರ್ಟ್‌ಗಳು ಸ್ಟ್ಯಾಟಿಕ್ ಮ್ಯಾಕ್ ಪುಟದ ಪಟ್ಟಿಯಿಂದಲೇ ಮಾಯವಾಗುತ್ತವೆ, ಲ್ಯಾಗ್ ಅನ್ನು ಆರಿಸಲು ಅವಕಾಶವೇ ಇಲ್ಲ. ಲ್ಯಾಗ್ ಬಿಟ್ಟು, ಒಂದು ಕೇಬಲನ್ನು ತಡೆಹಿಡಿದು ಇನ್ನೊಂದು ಕೆಟ್ಟಾಗ ಮಾತ್ರ ತೆರೆಯುವ ಸ್ಪ್ಯಾನಿಂಗ್ ಟ್ರೀ ನೆಚ್ಚಿಕೊಂಡರೆ ತೊಂದರೆ ಇನ್ನೂ ಗಂಭೀರ. ಮೊದಲ ಕೇಬಲ್ ಕಿತ್ತಾಗ ಡೈನಾಮಿಕ್ ವಿಳಾಸಗಳೆಲ್ಲ ಹೊಸ ದಾರಿಯನ್ನು ಕಲಿತವು. ಸ್ಟ್ಯಾಟಿಕ್ ನಮೂದು ಮಾತ್ರ ಸತ್ತ ಪೋರ್ಟನ್ನೇ ತೋರಿಸುತ್ತ ನಿಂತಿತು. ಬೇರೆಲ್ಲ ಸಾಧನಗಳು ಪಿಂಗ್‌ಗೆ ಉತ್ತರಿಸುತ್ತಿದ್ದವು, ಲಾಗ್‌ಗಳು ಮಾತ್ರ ಸರ್ವರ್ ತಲುಪದೆ ಸದ್ದಿಲ್ಲದೆ ಕಳೆದುಹೋಗುತ್ತಿದ್ದವು. ಸ್ಟ್ಯಾಟಿಕ್ ನಮೂದು ಸ್ವಭಾವತಃ ಕದಲದಿರುವುದು ಸರಿಯೇ, ಆದರೆ ನಮೂದಿರುವ ಪೋರ್ಟ್ ಡೌನ್ ಆದಾಗ ಒಂದು ಎಚ್ಚರಿಕೆಯನ್ನಾದರೂ ಕೊಡದಿರುವುದನ್ನು ನಾನು ಒಪ್ಪಲಾರೆ.

ಲ್ಯಾಗ್‌ಗೂ ಸ್ಟ್ಯಾಟಿಕ್ ನಮೂದು ಕಟ್ಟಬಲ್ಲ ಸ್ವಿಚ್‌ಗಳು ಇವೆ; ಅವು ನನ್ನ ಬಜೆಟ್‌ಗೆ ಮೀರಿದವು. ಹಾಗಾಗಿ ಸರ್ವರ್‌ಗೆ ಒಂದೇ ಕೇಬಲ್ ಇರುವ ಎರಡನೆಯ ಸ್ವಿಚ್‌ನಲ್ಲಿ ನಮೂದನ್ನು ಉಳಿಸಿಕೊಂಡು, ಮೊದಲ ಸ್ವಿಚ್‌ನಲ್ಲಿ ತೆಗೆದುಹಾಕಿದ್ದೇನೆ. ಅಲ್ಲಿ ವಿಳಾಸ ಮರೆತುಹೋಗದಂತೆ, 2 ನಿಮಿಷಕ್ಕೊಮ್ಮೆ ರೌಟರ್‌ಗೆ ಪಿಂಗ್ ಕಳುಹಿಸುವ ಕೆಲಸವನ್ನು ಸರ್ವರ್‌ಗೇ ವಹಿಸಿದ್ದೇನೆ.