ದೊಡ್ಡ ಸ್ಟೇಕ್ಸ್ ಕ್ಯಾಶ್ ಗೇಮ್‌ಗೆ ಸಾಲ್ವರ್: ಹಲವು ವರ್ಷ ಬಳಸಿದ ಮೇಲೆ ನನ್ನ ವಿಮರ್ಶೆ

ಆನ್‌ಲೈನ್‌ನಲ್ಲಿ ದೊಡ್ಡ ಸ್ಟೇಕ್ಸ್ (ದೊಡ್ಡ ಮೊತ್ತದ) ಪೋಕರ್ ಆಡುವವರ ಹತ್ತಿರ ಈಗ ಸಾಲ್ವರ್, ಅಂದರೆ ಸರಿಯಾದ ಆಟ ಯಾವುದು ಅಂತ ಲೆಕ್ಕ ಹಾಕಿ ಹೇಳುವ ಸಾಫ್ಟ್‌ವೇರ್, ಇಲ್ಲದೇ ಇರೋದು ಅಪರೂಪ. ನಾನೂ ಹಲವು ವರ್ಷಗಳಿಂದ ಒಂದನ್ನು ಬಳಸುತ್ತಿದ್ದೇನೆ. ಸ್ವಂತ ಕಂಪ್ಯೂಟರ್‌ಗೆ ಹಾಕಿಕೊಳ್ಳುವಂಥದ್ದು, ಒಂದೇ ಸಲ ದುಡ್ಡು ಕೊಟ್ಟು ತಗೊಂಡಿದ್ದು. ಯಾವುದು ಅಂತ ಹೆಸರು ಹೇಳುವುದಿಲ್ಲ. ಇಲ್ಲಿ ಬರೆದಿರುವುದು ಬಹುಮಟ್ಟಿಗೆ ಈ ಜಾತಿಯ ಎಲ್ಲ ಸಾಫ್ಟ್‌ವೇರ್‌ಗೂ ಹೊಂದುತ್ತದೆ. ಕೊಳ್ಳಬಹುದಾ ಅಂತ ಕೇಳಿದರೆ, ಧಾರಾಳವಾಗಿ ಕೊಳ್ಳಿ. ಆದರೆ ಅದು ಕೊಡುವ ಶೇಕಡಾವಾರು ಲೆಕ್ಕಗಳನ್ನು ಬಾಯಿಪಾಠ ಮಾಡೋಕೆ ಕೊಳ್ಳಬೇಡಿ. ಎದುರಾಳಿ ಸರಿಯಾದ ಆಟ ಬಿಟ್ಟು ಪಕ್ಕಕ್ಕೆ ಸರಿದಾಗ ನಾವು ಎಷ್ಟು ಸರಿಯಬೇಕು ಅಂತ ನೋಡೋಕೆ ಕೊಳ್ಳಿ.

ಕೆಲಸ ಮಾಡುವ ರೀತಿ ಸರಳ. ಇಬ್ಬರು ಆಟಗಾರರ ರೇಂಜ್ (ಕೈಯಲ್ಲಿ ಇರಬಹುದಾದ ಎಲೆಗಳ ಪಟ್ಟಿ), ಬೋರ್ಡ್ (ಮೇಜಿನ ಮೇಲೆ ಎಲ್ಲರಿಗೂ ಕಾಣುವ ಎಲೆಗಳು), ಪಾಟ್ (ನಡುವೆ ಸೇರಿದ ದುಡ್ಡು), ಸ್ಟ್ಯಾಕ್ (ಆಟಗಾರನ ಮುಂದಿರುವ ದುಡ್ಡು), ಯಾವ ಯಾವ ಅಳತೆಯ ಬೆಟ್‌ಗೆ ಅವಕಾಶ ಇದೆ ಅನ್ನುವುದನ್ನು ನಾವು ಕೊಡಬೇಕು. ಎರಡೂ ಕಡೆಯಿಂದ ಅದೇ ಆಡಿಕೊಳ್ಳುತ್ತದೆ. ಪ್ರತಿ ಸುತ್ತಿನಲ್ಲೂ 'ಇಲ್ಲಿ ಬೇರೆ ಥರ ಆಡಿದ್ದರೆ ಎಷ್ಟು ಲಾಭ ಆಗುತ್ತಿತ್ತು' ಅಂತ ಲೆಕ್ಕ ಹಾಕಿ ತಿದ್ದಿಕೊಳ್ಳುತ್ತದೆ. ಆಟ ಬದಲಿಸಿದರೂ ಇಬ್ಬರಿಗೂ ಹೆಚ್ಚೇನೂ ಸಿಗದ ಹಂತಕ್ಕೆ ಬಂದಾಗ ನಿಲ್ಲಿಸಬಹುದು. ಈ ವಿಧಾನದ ಮೂಲ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಕೆಲಸದಲ್ಲಿದೆ. ಅಲ್ಲಿನವರ ಸೆಫಿಯಸ್ ಅನ್ನುವ ಪ್ರೋಗ್ರಾಂ 2015ರಲ್ಲಿ ಇಬ್ಬರ ಲಿಮಿಟ್ ಹೋಲ್ಡೆಮ್ (ಬೆಟ್ ಅಳತೆ ಮೊದಲೇ ನಿಗದಿಯಾದ ಪೋಕರ್) ಆಟವನ್ನು ಹೆಚ್ಚುಕಮ್ಮಿ ಪೂರ್ತಿ ಬಿಡಿಸಿತು. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಆ ನಿಗದಿ ಇಲ್ಲದ ನೋ-ಲಿಮಿಟ್‌ನಲ್ಲಿ 1,20,000 ಹ್ಯಾಂಡ್ (ಒಂದು ಸಲ ಎಲೆ ಹಂಚಿ ಆಡುವ ಆಟ) ಆಡಿ ನಾಲ್ಕು ಜನ ವೃತ್ತಿಪರರನ್ನು ಸೋಲಿಸಿತು. ನಾವು ಮನೆಯಲ್ಲಿ ಓಡಿಸುವ ಸಾಲ್ವರ್‌ಗಳೂ ಇದೇ ವಂಶದವು.

ಶುರುವಿನಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಟ್ರೀ, ಅಂದರೆ ಯಾವ ಹಂತದಲ್ಲಿ ಏನೇನು ಆಡಬಹುದು ಅನ್ನುವ ನಕ್ಷೆ, ಕಟ್ಟುವ ಕೆಲಸಕ್ಕೆ. ಸಾಧ್ಯವಿರುವ ಫ್ಲಾಪ್‌ಗಳು (ಬೋರ್ಡ್‌ಗೆ ಮೊದಲು ಬೀಳುವ ಮೂರು ಎಲೆ) 22,100. ಬಣ್ಣ (ಸ್ಪೇಡ್, ಹಾರ್ಟ್ ಇತ್ಯಾದಿ) ಅದಲುಬದಲು ಮಾಡಿದರೆ ಒಂದೇ ಆಗುವವನ್ನು ಸೇರಿಸಿಕೊಂಡರೂ 1,755 ಉಳಿಯುತ್ತವೆ. ಎಲ್ಲವನ್ನೂ ಕೂತು ಓದೋಕೆ ಯಾರಿಂದಲೂ ಆಗಲ್ಲ. ಒಂದೊಂದು ಹಂತಕ್ಕೂ ನಾಲ್ಕೈದು ಬೆಟ್ ಅಳತೆ ಕೊಟ್ಟರೆ ರ‍್ಯಾಮ್ ತುಂಬಿಹೋಗುತ್ತದೆ, ಉತ್ತರವೂ ಓದಲಾಗದಷ್ಟು ಚೂರುಚೂರಾಗುತ್ತದೆ. ಫ್ಲಾಪ್‌ಗೆ ಎರಡು, ಟರ್ನ್‌ಗೆ (ನಾಲ್ಕನೇ ಎಲೆ) ಎರಡು, ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ಪಾಟ್‌ಗಿಂತ ದೊಡ್ಡದೊಂದನ್ನು ಸೇರಿಸಿ ಮೂರು. ನನಗೆ ಇಷ್ಟು ಸಾಕು. ನಾವು ಕೊಡದ ಅಳತೆ ಸಾಲ್ವರ್ ಲೆಕ್ಕದಲ್ಲಿ ಇರುವುದೇ ಇಲ್ಲ ಅನ್ನುವುದು ಮಾತ್ರ ನೆನಪಿರಲಿ. ಆಟ ಬದಲಿಸಿದರೆ ಸಿಗಬಹುದಾದ ಹೆಚ್ಚಿನ ಲಾಭ ಪಾಟ್‌ನ 0.5%ಗೆ ಇಳಿದರೆ ಓದಿನ ಮಟ್ಟಿಗೆ ಸಾಕು.

ಈಗ ಒಂದು ಹ್ಯಾಂಡ್ ನೋಡೋಣ. ಸ್ಟ್ಯಾಕ್ 200 ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಒಬ್ಬ ಹಾಕಬೇಕಾದ ಮೊತ್ತ; ಮುಂದಿನ ಅಂಕಿಗಳೆಲ್ಲ ಇದರ ಲೆಕ್ಕದಲ್ಲಿ). ಬಟನ್‌ನವನು (ಫ್ಲಾಪ್ ಆದ ಮೇಲೆ ಕೊನೆಗೆ ಆಡುವವನು) ರೇಸ್ ಮಾಡಿದ, ಅಂದರೆ ಬೆಟ್ ಏರಿಸಿದ; ನಾನು ಬಿಗ್ ಬ್ಲೈಂಡ್ ಹಾಕುವ ಜಾಗದಿಂದ ಕಾಲ್ ಮಾಡಿದೆ, ಅಂದರೆ ಅಷ್ಟಕ್ಕೆ ಸರಿದೂಗಿಸಿದೆ. ಫ್ಲಾಪ್ ಸ್ಪೇಡ್ ರಾಜ, ಸ್ಪೇಡ್ ಒಂಬತ್ತು, ಡೈಮಂಡ್ ನಾಲ್ಕು. ಟರ್ನ್ ಕ್ಲಬ್ ಏಳು. ಎರಡೂ ಕಡೆ ಅವನ ಬೆಟ್, ನನ್ನ ಕಾಲ್. ರಿವರ್ ಸ್ಪೇಡ್ ಎರಡು, ಈಗ ಫ್ಲಶ್ (ಒಂದೇ ಬಣ್ಣದ ಐದು ಎಲೆ) ಆಗಿರಬಹುದು. ಪಾಟ್ 40 ಇದೆ, ಅವನು 60 ಹಾಕಿದ. ನನ್ನ ಕೈಯಲ್ಲಿ ಡೈಮಂಡ್ ರಾಜ, ಜೊತೆಗೊಂದು ರಾಣಿ. ಅವನದು ಬ್ಲಫ್ (ಒಳ್ಳೆ ಎಲೆ ಇಲ್ಲದೆ ಹೆದರಿಸುವ ಬೆಟ್) ಆಗಿದ್ದರೆ ಮಾತ್ರ ಗೆಲ್ಲುವ ಎಲೆ ಇದು, ಅಲ್ವಾ?

ಲೆಕ್ಕ ಹೀಗಿದೆ. 100 ಗೆಲ್ಲೋಕೆ 60 ಹಾಕಬೇಕು. ಅಂದರೆ 37.5% ಸಲ ಗೆದ್ದರೆ ಸಮ. ಸರಿಯಾಗಿ ಆಡುವ ಎದುರಾಳಿಯ ಬೆಟ್‌ಗಳಲ್ಲಿ ಬ್ಲಫ್ ಪಾಲು ಸುಮಾರು ಅಷ್ಟೇ ಇರುತ್ತದೆ. ಆಗ ಇಂಥ ಎಲೆಗೆ ಕಾಲ್ ಮಾಡಿದರೂ ಫೋಲ್ಡ್ ಮಾಡಿದರೂ (ಎಲೆ ಬಿಟ್ಟುಕೊಟ್ಟರೂ) ಹೆಚ್ಚುಕಮ್ಮಿ ಒಂದೇ. ತಕ್ಕಡಿ ವಾಲುವುದು ಬ್ಲಾಕರ್‌ನಿಂದ, ಅಂದರೆ ನಮ್ಮ ಕೈಯಲ್ಲಿ ಇರುವುದರಿಂದ ಎದುರಾಳಿಯ ಹತ್ತಿರ ಇರಲಾರದ ಎಲೆಯಿಂದ. ರಾಣಿ ಸ್ಪೇಡ್ ಆಗಿದ್ದರೆ ಆ ರಾಣಿ ಬೇಕಾದ ಫ್ಲಶ್ ಯಾವುದೂ ಅವನ ಹತ್ತಿರ ಇರಲಾರದು, ಕಾಲ್ ಕಡೆಗೆ ವಾಲುತ್ತದೆ. ಹಾರ್ಟ್ ರಾಣಿ ಆದರೆ ಫೋಲ್ಡ್ ಕಡೆಗೆ. ಹಾಗಾದರೆ ಸ್ಪೇಡ್ ಎಕ್ಕ ಇದ್ದರೆ ಇನ್ನೂ ಒಳ್ಳೆಯದು ಅನ್ನಿಸುತ್ತದೆ. ಆದರೆ ಒಂಟಿ ಸ್ಪೇಡ್ ಎಕ್ಕ ಹಿಡಿದವನಿಗೇ ಇಲ್ಲಿ ಬ್ಲಫ್ ಮಾಡೋಕೆ ಒಳ್ಳೆ ಕಾರಣ ಇರುತ್ತದೆ. ಆ ಎಕ್ಕ ನಮ್ಮ ಕೈಯಲ್ಲಿದ್ದರೆ ಅವನ ಫ್ಲಶ್‌ಗಳ ಜೊತೆ ಬ್ಲಫ್‌ಗಳೂ ಕಡಿಮೆಯಾಗುತ್ತವೆ.

ಬಹಳ ಜನ ಇಲ್ಲಿಗೇ ನಿಲ್ಲಿಸಿ ಮುಂದಿನ ಹ್ಯಾಂಡ್‌ಗೆ ಹೋಗುತ್ತಾರೆ. ನನ್ನ ಪ್ರಕಾರ ಸಾಲ್ವರ್‌ನ ಬೆಲೆ ತಿಳಿಯುವುದು ಇದರ ಮುಂದಿನ ಹೆಜ್ಜೆಯಲ್ಲಿ, ನೋಡ್ ಲಾಕಿಂಗ್‌ನಲ್ಲಿ. ಎದುರಾಳಿ ಆ ಜಾಗದಲ್ಲಿ ಹೇಗೆ ಆಡುತ್ತಾನೆ ಅಂತ ನಾವೇ ಬೀಗ ಹಾಕಿ ಮತ್ತೆ ಓಡಿಸುವುದು. ಅವನು 37.5% ಬದಲು 25% ಮಾತ್ರ ಬ್ಲಫ್ ಮಾಡುತ್ತಾನೆ ಅಂದುಕೊಳ್ಳಿ. ಆಗ ಒಂದು ಕಾಲ್‌ಗೆ ಸರಾಸರಿ 20 ಬಿಗ್ ಬ್ಲೈಂಡ್ ನಷ್ಟ. ಸ್ಪೇಡ್ ರಾಣಿಯಿಂದಾಗಿ ಆ ಪಾಲು 28%ಗೆ ಏರಿದರೂ ನಷ್ಟ 15ರ ಮೇಲೇ ಇರುತ್ತದೆ. 45% ಬ್ಲಫ್ ಮಾಡುವವನ ಎದುರು ಅದೇ ಕಾಲ್‌ಗೆ 12 ಲಾಭ. ಯಾವ ರಾಣಿ ಅನ್ನುವುದರ ಬೆಲೆ ಎಷ್ಟು, ಯಾರು ಬೆಟ್ ಮಾಡಿದ್ದು ಅನ್ನುವುದರ ಬೆಲೆ ಎಷ್ಟು ಅಂತ ಪರದೆ ಮೇಲೆ ಅಕ್ಕಪಕ್ಕ ನೋಡಿದಾಗ ಓದುವ ಕ್ರಮವೇ ಬದಲಾಗುತ್ತದೆ.

ಇದರಲ್ಲೂ ಒಂದು ಅಪಾಯ ಇದೆ. ಲಾಕ್ ಸ್ವಲ್ಪ ಅಲುಗಿಸಿದರೆ ಸಾಕು, ಸಾಲ್ವರ್ ಒಂದೇ ಸಲಕ್ಕೆ ಎಲ್ಲ ಫೋಲ್ಡ್ ಅಥವಾ ಎಲ್ಲ ಕಾಲ್ ಅನ್ನುತ್ತದೆ. ಲಾಕ್ ಆದವನು ಎಂದೂ ಬದಲಾಗುವುದಿಲ್ಲ ಅಂತ ಅದು ನಂಬಿರುತ್ತದೆ. ದೊಡ್ಡ ಸ್ಟೇಕ್ಸ್‌ನಲ್ಲಿ ಆಡುವವರೇ ಕಡಿಮೆ. ಅದೇ ಮುಖಗಳು ದಿನಾ ಎದುರು ಕೂರುತ್ತವೆ, ನಾವು ಜಾಸ್ತಿ ಫೋಲ್ಡ್ ಮಾಡುವುದು ಅವರಿಗೆ ಬೇಗ ಗೊತ್ತಾಗುತ್ತದೆ. ನಮ್ಮ ಹತ್ತಿರ ಇರುವ ಮಾಹಿತಿಯೂ ಕಡಿಮೆಯೇ, ಕಾಲ್ ಆದಾಗ ಮಾತ್ರ ಅವರ ಎಲೆ ಕಾಣುತ್ತದೆ. ಹಾಗಾಗಿ ಒಬ್ಬನ ಎದುರು ಒಂದು ತುದಿಗೆ ಹೋಗುವ ಬದಲು ಸಮದ ಉತ್ತರದಿಂದ (ಲಾಕ್ ಹಾಕದೆ ಓಡಿಸಿದಾಗ ಬಂದದ್ದರಿಂದ) ಒಂದೆರಡು ಹೆಜ್ಜೆ ಮಾತ್ರ ಸರಿಯುತ್ತೇನೆ. ಎಲ್ಲಿಂದ ಸರಿಯುತ್ತಿದ್ದೇನೆ ಅಂತ ಗೊತ್ತಿರಬೇಕಾದರೆ ಸಮದ ಉತ್ತರ ಬೇಕೇ ಬೇಕು.

ನನ್ನ ದೂರು ಎರಡಿವೆ. ಮೊದಲನೆಯದು, ಫ್ಲಾಪ್‌ಗೆ ಮೂರನೆಯವನು ಬಂದರೆ ನನ್ನ ಸಾಲ್ವರ್ ಕೈ ಚೆಲ್ಲುತ್ತದೆ, ಅದು ಇಬ್ಬರಿಗೆ ಮಾತ್ರ. ಮೂವರಿಗೆ ಲೆಕ್ಕ ಹಾಕುವ ಸಾಫ್ಟ್‌ವೇರ್ ಇದ್ದರೂ ಇಬ್ಬರ ಆಟದಲ್ಲಿರುವ 'ಹೀಗೆ ಆಡಿದರೆ ಸೋಲಿಲ್ಲ' ಅನ್ನುವ ಗ್ಯಾರಂಟಿ ಅಲ್ಲಿ ಸಿಗುವುದಿಲ್ಲ. ಎರಡನೆಯದು, ಜೊತೆಗೆ ಬರುವ ರೆಡಿಮೇಡ್ ಪ್ರೀಫ್ಲಾಪ್ (ಫ್ಲಾಪ್‌ಗೆ ಮೊದಲಿನ) ರೇಂಜ್‌ಗಳು. ರೇಕ್ (ಪಾಟ್‌ನಿಂದ ಸೈಟ್ ಮುರಿದುಕೊಳ್ಳುವ ಪಾಲು) ಜಾಸ್ತಿ ಇರುವ ಚಿಕ್ಕ ಸ್ಟೇಕ್ಸ್‌ಗೆ ಮಾಡಿದ ರೇಂಜ್‌ನಲ್ಲಿ ಬಿಗ್ ಬ್ಲೈಂಡ್ ತುಂಬಾ ಫೋಲ್ಡ್ ಮಾಡುತ್ತದೆ. ದೊಡ್ಡ ಸ್ಟೇಕ್ಸ್‌ನಲ್ಲಿ ರೇಕ್‌ಗೆ ಮಿತಿ ಇರುವುದರಿಂದ ಪಾಟ್‌ಗೆ ಹೋಲಿಸಿದರೆ ಅದು ಚಿಕ್ಕದು, ಇನ್ನೂ ಅಗಲವಾಗಿ, ಅಂದರೆ ಹೆಚ್ಚು ಬಗೆಯ ಎಲೆ ಹಿಡಿದು, ಕಾಲ್ ಮಾಡಬಹುದು. ನಿಮ್ಮ ಟೇಬಲ್‌ನ ರೇಕ್ ಹಾಕದೆ ಪ್ರೀಫ್ಲಾಪ್ ರೇಂಜ್ ನಂಬಬೇಡಿ.

ಆಡುವಾಗ ಸಾಲ್ವರ್ ಮುಚ್ಚಿರಲೇಬೇಕು. ಆಟದ ನಡುವೆ ಉತ್ತರ ನೋಡುವುದು ದೊಡ್ಡ ಸೈಟ್‌ಗಳಲ್ಲೆಲ್ಲ ನಿಷಿದ್ಧ. ಸಿಕ್ಕಿಬಿದ್ದರೆ ಖಾತೆ ಹೋಗುತ್ತದೆ. ನಿಯಮ ಇರಲಿ ಬಿಡಲಿ, ಎದುರು ಕೂತವರಿಗೆ ಅದು ಮೋಸ.

ಇದರಿಂದ ಗೆಲುವು ಹೆಚ್ಚಿತಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ತಿಂಗಳ ಗ್ರಾಫ್ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಆರು ಜನರ ನೋ-ಲಿಮಿಟ್ ಆಟದಲ್ಲಿ 100 ಹ್ಯಾಂಡ್‌ಗೆ ಏರಿಳಿತ ಸಾಮಾನ್ಯವಾಗಿ 80ರಿಂದ 100 ಬಿಗ್ ಬ್ಲೈಂಡ್. 10,000 ಹ್ಯಾಂಡ್‌ಗೆ ಅದು 800ರಿಂದ 1,000 ಆಗುತ್ತದೆ, ಅಂದರೆ 100 ಬಿಗ್ ಬ್ಲೈಂಡ್‌ನ ಎಂಟು-ಹತ್ತು ಬೈ-ಇನ್ (ಟೇಬಲ್‌ಗೆ ಕೂರುವಾಗ ತರುವ ದುಡ್ಡು). ಬರೀ ಅದೃಷ್ಟದಿಂದ ಅಷ್ಟು ಮೇಲೆ ಹೋಗಬಹುದು, ಕೆಳಗೂ ಬರಬಹುದು. ಕಳೆದುಕೊಂಡರೆ ಬದುಕು ಅಲುಗಾಡುವ ದುಡ್ಡಿನಲ್ಲಿ ಆಡುವವರನ್ನು ಯಾವ ಸಾಲ್ವರೂ ಕಾಪಾಡಲ್ಲ. ನಾನು ಅಳೆಯುವುದು ಬೇರೆ ಥರ. ಆಡಿ ಮುಗಿಸಿದ ಮೇಲೆ ಅನುಮಾನ ಬಂದ ಹ್ಯಾಂಡ್‌ಗಳನ್ನು ತೆಗೆದು, ಸಾಲ್ವರ್ ತೆರೆಯುವ ಮೊದಲೇ ನನ್ನ ಉತ್ತರ, ಅದರ ಕಾರಣ ಎರಡನ್ನೂ ಬರೆದಿಡುತ್ತೇನೆ. ಆಮೇಲೆ ಓಡಿಸುತ್ತೇನೆ. ಉತ್ತರ ಸರಿಯಿದ್ದು ಕಾರಣ ತಪ್ಪಿದ್ದರೆ ಆ ಹ್ಯಾಂಡ್ ಮತ್ತೆ ಓದುವ ಪಟ್ಟಿಗೆ ಹೋಗುತ್ತದೆ.

ಪಾಟ್ ಆಡ್ಸ್ (ಮೇಲಿನ 37.5%ನಂಥ ಲೆಕ್ಕ) ಇನ್ನೂ ಬೆರಳ ತುದಿಯಲ್ಲಿ ಇಲ್ಲದವರು ಸದ್ಯಕ್ಕೆ ಕಾಯಬಹುದು, ಅದಕ್ಕೆ ಪೆನ್ನು ಕಾಗದ ಸಾಕು. ಇಬ್ಬರ ನಡುವಿನ ದೊಡ್ಡ ಪಾಟ್‌ಗಳಲ್ಲಿ ರಿವರ್‌ಗೆ ಬಂದು ತಡವರಿಸುವವರು ಈಗಲೇ ತಗೊಳ್ಳಿ. 32 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್ ಇದ್ದರೆ ಒಳ್ಳೆಯದು. ಮೊದಲು ರಿವರ್ ಒಂದನ್ನೇ ಓಡಿಸಿ ನೋಡಿ, ಕೆಲವೇ ಸೆಕೆಂಡಿನಲ್ಲಿ ಉತ್ತರ ಬರುತ್ತದೆ, ಲಾಕ್ ಮಾಡಿ ಆಡಿಸಿ ನೋಡೋಕೂ ಸುಲಭ.