ರಾತ್ರಿಯೇ ಫೀಡ್ ನಿಲ್ಲಿಸುವ ಬಿಜೈಯ ಕೋಳಿ ಅಂಗಡಿ

ಮಂಗಳೂರಿನ ಬಿಜೈ ಮಾರುಕಟ್ಟೆಯಿಂದ ತುಸು ದೂರದ ಓಣಿಯಲ್ಲಿರುವ ಸಣ್ಣ ಕೋಳಿ ಅಂಗಡಿಗೆ ನಾನು 2 ವರ್ಷಗಳಿಂದ ಹೋಗುತ್ತಿದ್ದೇನೆ. ಜೀವಶಾಸ್ತ್ರ ಕಲಿಸುವ ನನಗೆ ಈ ಅಂಗಡಿ ಹಿಡಿಸಿದ್ದು ಅಲ್ಲಿನ ಲಿವರ್‌ನಿಂದಾಗಿ. ಮಾಲೀಕರು ಹಿಂದಿನ ರಾತ್ರಿ 9 ಗಂಟೆಗೇ ಫೀಡ್ ತೆಗೆದು, ಗೂಡಿನಲ್ಲಿ ನೀರನ್ನಷ್ಟೇ ಇಡುತ್ತಾರೆ. "ಫೀಡಿನ ತೂಕಕ್ಕೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವುದು ಸರಿಯಲ್ಲ ಟೀಚರೇ" ಎನ್ನುತ್ತಾರೆ. ಜೀವಂತ ಕೋಳಿಯನ್ನು ತೂಗಿ ಮಾರುವ ವ್ಯಾಪಾರದಲ್ಲಿ ಇದರಿಂದ ನಷ್ಟವಾಗುವುದು ಅವರಿಗೇ.

ಬೆಳಿಗ್ಗೆ 7ಕ್ಕೆ ಹೋದರೆ ಸಿಗುವ ಲಿವರ್ ಕಡುಗೆಂಪಾಗಿ, ತೆಳುವಾದ ಅಂಚಿನೊಂದಿಗೆ, ಬೆರಳಿಗೆ ಗಟ್ಟಿಯಾಗಿರುತ್ತದೆ. ಮೊದಲು ಬೇರೆ ಕಡೆ ಕೊಳ್ಳುತ್ತಿದ್ದಾಗ, ಹೊಟ್ಟೆ ತುಂಬ ಮೇವು ತಿಂದಿದ್ದ ಕೋಳಿಯ ಲಿವರ್ ಮಾಸಲು ಹಳದಿಯಾಗಿದ್ದು, ಕತ್ತಿ ತಾಗಿದೊಡನೆ ಮುರಿದು ಬೀಳುತ್ತಿತ್ತು.

ಹೊಸ ಕೊಬ್ಬನ್ನು ತಯಾರಿಸುವ ಕೆಲಸ ಕೋಳಿಯಲ್ಲಿ ಬಹುಪಾಲು ಯಕೃತ್ತಿನದೇ ಆಗಿರುವುದರಿಂದ, ಉಪವಾಸದ ಪರಿಣಾಮ ಅಲ್ಲಿಯೇ ಬೇಗ ತಿಳಿಯುತ್ತದೆ. ಮೇವು ನಿಂತ ಕೆಲವು ಗಂಟೆಗಳಲ್ಲಿ ಸಕ್ಕರೆಯ ದಾಸ್ತಾನಾಗಿ ಕೂಡಿಟ್ಟ ಗ್ಲೈಕೋಜನ್ ಇಳಿಯುತ್ತದೆ, ಉಪವಾಸದಲ್ಲಿ ಏರುವ ಹಾರ್ಮೋನ್ ಗ್ಲುಕಗಾನ್‌ನ ಪ್ರಭಾವ ಹೆಚ್ಚುತ್ತದೆ. ಆಗ ಫ್ಯಾಟಿ ಆಸಿಡ್ ಸಿಂಥೇಸ್, ಮ್ಯಾಲಿಕ್ ಎನ್‌ಜೈಮ್ ಮೊದಲಾದ ಕೊಬ್ಬು ಕಟ್ಟುವ ಕಿಣ್ವಗಳ ಜೀನ್‌ಗಳು ಮಂದವಾಗಿ, ಕೊಬ್ಬನ್ನು ಮೈಟೊಕಾಂಡ್ರಿಯದೊಳಗೆ ಸಾಗಿಸಿ ಉರಿಸಲು ನೆರವಾಗುವ ಸಿಪಿಟಿ-1ರಂಥ ಜೀನ್‌ಗಳು ಚುರುಕಾಗುತ್ತವೆ. ಡಿಎನ್‌ಎ ಇದ್ದ ಹಾಗೆಯೇ ಇರುತ್ತದೆ. ಅದರಿಂದ ನಕಲಾಗುವ ಆರ್‌ಎನ್‌ಎಯ ಪ್ರಮಾಣ ಮಾತ್ರ ಏರಿಳಿಯುತ್ತದೆ. ಒಂದೇ ರಾತ್ರಿಯಲ್ಲಿ ಇದ್ದ ಕೊಬ್ಬೆಲ್ಲ ಕರಗಿಹೋಗುವುದಿಲ್ಲ, ಆದರೆ ಹೊಸದು ಸೇರುವುದು ತೀರ ತಗ್ಗುತ್ತದೆ. ಮತ್ತೆ ಮೇವು ಹಾಕಿದರೆ ಮಲಗಿದ್ದ ಜೀನ್‌ಗಳು ಗಂಟೆಗಳೊಳಗೆ ಏಳುತ್ತವೆ.

ಉಪವಾಸ ಅತಿಯಾದರೂ ಕೇಡು. ಮೇವು ಬೀಳದೆ ಪಿತ್ತಕೋಶ ಖಾಲಿಯಾಗುವುದಿಲ್ಲ. ಅದು ಉಬ್ಬಿ, ಬಿಡಿಸುವಾಗ ಒಡೆಯುವ ಸಂಭವ ಹೆಚ್ಚುತ್ತದೆ. ಒಂದು ಭಾನುವಾರ ಮಧ್ಯಾಹ್ನ ಇಲ್ಲಿಂದ ತಂದ ಲಿವರ್‌ನ ಒಂದು ಬದಿ ಹಸಿರಾಗಿತ್ತು, ಎಷ್ಟು ತೊಳೆದರೂ ಕಹಿ ಹೋಗಲಿಲ್ಲ. ಇದನ್ನು ಹೇಳಿದ ಮೇಲೆ, ಬೆಳಿಗ್ಗೆ 10ರ ನಂತರ ಉಳಿದ ಕೋಳಿಗಳಿಗೆ ಅವರು ಮತ್ತೆ ಫೀಡ್ ಹಾಕತೊಡಗಿದ್ದಾರೆ. ಲಿವರ್ ಸುಕ್ಕಕ್ಕೆ ಬೇಕಾದವರು 9ರೊಳಗೆ ಹೋಗುವುದು ಒಳ್ಳೆಯದು. ಹಿಂದಿನ ಸಂಜೆಯೇ ಹೇಳಿಟ್ಟರೆ ಪಿತ್ತ ತಾಗದಂತೆ ಬಿಡಿಸಿ ಬೇರೆಯೇ ಕಟ್ಟಿ ಕೊಡುತ್ತಾರೆ.